ಮುಂಬಯಿ–ಪುಣೆಯಲ್ಲಿ ಬಾಡಿಗೆ ಮನೆ ಬಿಡುವಾಗ ಠೇವಣಿ ವಾಪಸ್ ಪಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಎಂದೋ ಬಾಡಿಗೆ ಮನೆ ಬಿಟ್ಟು ಠೇವಣಿಗಾಗಿ ಅಲೆದವನೇ ಇರಬೇಕು. ಮನೆ ಹಿಡಿಯುವ ದಿನ ‘ಸಂಜೆಯೊಳಗೆ ಹಣ ಹಾಕಿ, ಇನ್ನೊಬ್ಬರು ಕಾಯುತ್ತಿದ್ದಾರೆ’ ಎಂದು ಅವಸರಪಡಿಸಿದ ಮಾಲೀಕರೇ ಬಿಡುವ ದಿನ ಬ್ಯಾಂಕಿಗೆ ಹೋಗಲು ಪುರಸತ್ತಿಲ್ಲ ಎನ್ನುತ್ತಾರೆ. ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಹಿಂದಿ, ಮರಾಠಿಯಲ್ಲಿ ವಾದ ಮಾಡಲು ಅಳುಕುತ್ತಾರೆ. ದೊಡ್ಡವರ ಜೊತೆ ಜಗಳವೇಕೆಂದು ಹತ್ತಿಪ್ಪತ್ತು ಸಾವಿರ ಬಿಟ್ಟುಕೊಟ್ಟು ಹೋಗುತ್ತಾರೆ. ಆ ಸಂಕೋಚವನ್ನು ನಂಬಿಯೇ ಕೆಲವರ ಲೆಕ್ಕ ನಡೆಯುತ್ತದೆ.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಹೋಲಿಸಿದರೆ ಇಲ್ಲಿಯ ಠೇವಣಿ ಕಡಿಮೆ ಎನಿಸಬಹುದು. ಮುಂಬಯಿ, ಠಾಣೆ, ನವಿ ಮುಂಬಯಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಬಾಡಿಗೆ, ಪುಣೆಯಲ್ಲಿ ಎರಡು ಮೂರು ತಿಂಗಳದ್ದು. ಆದರೆ ಬಾಡಿಗೆಯೇ ದುಬಾರಿಯಾದ್ದರಿಂದ ಮೊತ್ತ ಸಲೀಸಾಗಿ ಲಕ್ಷ ದಾಟುತ್ತದೆ. ಈ ಹಣ ಬರುತ್ತದೋ ಇಲ್ಲವೋ ಎಂಬುದು ಬೀಗದ ಕೈ ಇನ್ನೂ ನಿಮ್ಮ ಜೇಬಿನಲ್ಲಿರುವ ಕೊನೆಯ ತಿಂಗಳಲ್ಲಿಯೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ. ಕೈ ಬದಲಾದ ಮೇಲೆ ನಿಮ್ಮ ಬಳಿ ಉಳಿಯುವುದು ಕಾಗದ ಪತ್ರ ಮಾತ್ರ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಆ ಒಂದು ತಿಂಗಳ ಬಗ್ಗೆಯೇ ಇದೆ. ಈಗಾಗಲೇ ಬೀಗದ ಕೈ ಒಪ್ಪಿಸಿ ಕಾಯುತ್ತಿರುವವರು ನೇರವಾಗಿ ಎಂಟನೆಯ ಹೆಜ್ಜೆಗೆ ಹೋಗಬಹುದು.

1. ಕರಾರು ಪತ್ರವನ್ನು ಹೊರತೆಗೆಯಿರಿ

ಮಹಾರಾಷ್ಟ್ರದಲ್ಲಿ ನೀವು ಸಹಿ ಹಾಕಿರುವುದು ಬಹುಪಾಲು ‘ಲೀವ್ ಆ್ಯಂಡ್ ಲೈಸೆನ್ಸ್’ ಕರಾರಿಗೆ, ಅಂದರೆ ಇಂತಿಷ್ಟು ಕಾಲ ಮನೆ ಬಳಸಲು ಅನುಮತಿಯಷ್ಟೇ ಕೊಡುವ ಕರಾರಿಗೆ. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಎಂಬ ನಮ್ಮ ಊರ ಕಡೆಯ ರೂಢಿ ಇಲ್ಲಿ ನಡೆಯುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸೆಕ್ಷನ್ 55ರ ಪ್ರಕಾರ ಅವಧಿ ಎಷ್ಟೇ ಇರಲಿ, ಕರಾರು ಬರಹದಲ್ಲಿರಬೇಕು, ನೋಂದಣಿಯೂ ಆಗಿರಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದೇ ಸೆಕ್ಷನ್ನಿನಲ್ಲಿ ಬಾಡಿಗೆದಾರರ ಕೈ ಬಲಪಡಿಸುವ ಇನ್ನೊಂದು ಮಾತಿದೆ. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ನೋಂದಾಯಿತ ಕರಾರು ಇಲ್ಲದಿದ್ದರೆ, ಯಾವ ಷರತ್ತಿನ ಮೇಲೆ ಮನೆ ಕೊಡಲಾಗಿತ್ತು ಎಂಬ ವಿಚಾರದಲ್ಲಿ ಬಾಡಿಗೆದಾರರು ಹೇಳಿದ್ದೇ ನಿಲ್ಲುತ್ತದೆ. ಅದು ಸುಳ್ಳೆಂದು ಸಾಬೀತು ಮಾಡುವ ಭಾರ ಮಾಲೀಕರ ಮೇಲೆ ಬೀಳುತ್ತದೆ. ‘ಕರಾರೇ ನೋಂದಣಿಯಾಗಿಲ್ಲ, ನೀವೇನು ಮಾಡುತ್ತೀರಿ’ ಎಂದು ಮಾಲೀಕರು ಜೋರು ಮಾಡಿದರೆ ಈ ಸೆಕ್ಷನ್ನನ್ನು ಮೆಲ್ಲಗೆ ನೆನಪಿಸಿ. ಜೋರು ತಾನಾಗಿ ಇಳಿಯುತ್ತದೆ.

ನೋಂದಾಯಿತ ಕರಾರಿನ ಪಿಡಿಎಫ್ ಪ್ರತಿ ನಿಮ್ಮ ಬಳಿ ಇಲ್ಲದಿದ್ದರೆ ಕರಾರು ಮಾಡಿಸಿದ ಏಜೆಂಟರಿಂದ ಇವತ್ತೇ ತರಿಸಿಕೊಳ್ಳಿ. ಅದರಲ್ಲಿ ಠೇವಣಿಯ ಮೊತ್ತ ಮತ್ತು ಅದನ್ನು ಯಾವ ಚೆಕ್ ಅಥವಾ ಯಾವ ಬ್ಯಾಂಕ್ ವರ್ಗಾವಣೆಯ ಮೂಲಕ ಕೊಟ್ಟಿರಿ ಎಂಬುದನ್ನು ಮೊದಲು ನೋಡಿ. ನೋಟಿಸ್ ಅವಧಿ ಎಷ್ಟು, ಅವಧಿಗೆ ಮುಂಚೆ ಬಿಡಬಾರದೆಂಬ ಲಾಕ್-ಇನ್ ಷರತ್ತು ಇದೆಯೇ, ಬಣ್ಣ ಬಳಿಸಲು ಹಣ ಮುರಿದುಕೊಳ್ಳುವ ಮಾತಿದೆಯೇ ಎಂದು ಗುರುತು ಹಾಕಿಕೊಳ್ಳಿ. ಎಲ್ಲಕ್ಕಿಂತ ಮಿಗಿಲಾಗಿ, ಠೇವಣಿ ಯಾವಾಗ ವಾಪಸ್ ಎಂಬ ಸಾಲನ್ನು ಎರಡು ಸಲ ಓದಿ. ಖಾಲಿ ಮನೆಯನ್ನು ಒಪ್ಪಿಸುವ ಹೊತ್ತಿಗೇ ಠೇವಣಿ ಹಿಂದಿರುಗಿಸತಕ್ಕದ್ದು, ತಡವಾದರೆ ಇಂತಿಷ್ಟು ಬಡ್ಡಿ ಎಂದು ಹಲವು ಕರಾರುಗಳಲ್ಲಿ ಬರೆದಿರುತ್ತಾರೆ. ಹಣ ಬರುವವರೆಗೆ ಬಾಡಿಗೆ ಕೊಡದೆ ಮನೆಯಲ್ಲಿಯೇ ಇರಬಹುದು ಎಂಬ ಷರತ್ತೂ ಕೆಲವುಗಳಲ್ಲಿ ಇರುತ್ತದೆ. ಅಂಥ ಸಾಲು ನಿಮ್ಮ ಕರಾರಿನಲ್ಲಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ.

ಠೇವಣಿಯಲ್ಲಿ ಒಂದು ಪಾಲನ್ನು ನಗದಾಗಿ ಪಡೆದು ಕರಾರಿನಲ್ಲಿ ಕಡಿಮೆ ಬರೆಸುವ ಚಾಳಿ ಇಲ್ಲಿ ಇದೆ. ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಠೇವಣಿಯೂ ಸೇರುತ್ತದೆ ಎಂಬುದು ಕೊಡುವ ನೆಪ. ಆ ಶುಲ್ಕದಲ್ಲಿ ಉಳಿಯುವುದು ಪುಡಿಗಾಸು. ಸಿಕ್ಕಿಬೀಳುವುದು ಮಾತ್ರ ನೀವು. ಹೀಗೆ ನಗದು ಕೊಟ್ಟಿದ್ದರೆ, ಮನೆ ಬಿಡುವ ಮಾತು ಎತ್ತುವುದಕ್ಕೆ ಮೊದಲೇ, ಸಂಬಂಧ ಚೆನ್ನಾಗಿರುವಾಗಲೇ, ‘ನಮ್ಮ ಒಟ್ಟು ಠೇವಣಿ ನಗದು 50,000 ಸೇರಿ 1,50,000 ಅಲ್ಲವೇ, ನನ್ನ ಲೆಕ್ಕಕ್ಕೆ ಬೇಕಿತ್ತು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ಬರುವ ‘ಹೌದು’ ಎಂಬ ಒಂದು ಪದ ಮುಂದೆ ಬಹಳ ಬೆಲೆ ಬಾಳುತ್ತದೆ.

2. ನೋಟಿಸನ್ನು ಬಾಯಿಮಾತಿನಲ್ಲಿ ಕೊಡಬೇಡಿ

ಲಿಫ್ಟಿನಲ್ಲಿ ಸಿಕ್ಕಾಗ ‘ಅಂಕಲ್, ಮುಂದಿನ ತಿಂಗಳು ಬಿಡುತ್ತಿದ್ದೇವೆ’ ಎಂದು ಹೇಳಿದ್ದು ನೋಟಿಸ್ ಅಲ್ಲ. ಅವರು ‘ನನಗೆ ಗೊತ್ತೇ ಇರಲಿಲ್ಲ’ ಎಂದರೆ ಒಂದು ತಿಂಗಳ ಬಾಡಿಗೆ ಠೇವಣಿಯಿಂದ ಹೋಯಿತೆಂದೇ ಲೆಕ್ಕ. ಮೊದಲು ಫೋನ್ ಮಾಡಿ ಮರ್ಯಾದೆಯಿಂದ ತಿಳಿಸಿ, ಆಮೇಲೆ ಅದೇ ದಿನ ಈಮೇಲ್ ಮತ್ತು ವಾಟ್ಸ್‌ಆ್ಯಪ್ ಎರಡರಲ್ಲೂ ಬರೆದು ಕಳುಹಿಸಿ. ಹಿಂದಿ, ಮರಾಠಿ, ಇಂಗ್ಲಿಷ್ ಯಾವುದರಲ್ಲಾದರೂ ಸರಿ, ಸಾರಾಂಶ ಹೀಗಿರಲಿ:

‘ನಮಸ್ಕಾರ. ಕರಾರಿನ ಪ್ರಕಾರ ಒಂದು ತಿಂಗಳ ನೋಟಿಸ್ ನೀಡುತ್ತಿದ್ದೇನೆ. ಜೂನ್ 30ರಂದು ಫ್ಲ್ಯಾಟ್ ಖಾಲಿ ಮಾಡಿ ಕೈ ಒಪ್ಪಿಸುತ್ತೇನೆ. ಅಂದೇ ಠೇವಣಿ 1,50,000 ರೂಪಾಯಿಯನ್ನು ಈ ಖಾತೆಗೆ ವರ್ಗಾಯಿಸಬೇಕಾಗಿ ವಿನಂತಿ. ಜೂನ್ 20ರ ಸುಮಾರಿಗೆ ಬಂದು ಮನೆ ನೋಡಿ ಹೋದರೆ ರಿಪೇರಿ ಏನಾದರೂ ಇದ್ದಲ್ಲಿ ಮಾಡಿಸಲು ನನಗೆ ಸಮಯ ಸಿಗುತ್ತದೆ.’

ಕೊನೆಯ ಸಾಲನ್ನು ಬಿಡಬೇಡಿ. ಮನೆ ಬಿಡುವ ದಿನ ಟೆಂಪೊ ಕೆಳಗೆ ನಿಂತಿರುವಾಗ ಮೊದಲ ಬಾರಿಗೆ ದೋಷಗಳ ಪಟ್ಟಿ ಕೈಗೆ ಬಂದರೆ ನೀವು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಅವಧಿಗೆ ಮುಂಚೆ ಬಿಡುತ್ತಿದ್ದು ಲಾಕ್-ಇನ್ ಇನ್ನೂ ಮುಗಿದಿಲ್ಲವಾದರೆ ಉಳಿದ ತಿಂಗಳ ಬಾಡಿಗೆಯನ್ನು ಅವರು ಕೇಳಬಹುದು. ಹೊಸ ಬಾಡಿಗೆದಾರರನ್ನು ನೀವೇ ಹುಡುಕಿಕೊಟ್ಟರೆ ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ. ಬಿಟ್ಟಿದ್ದನ್ನೂ ಬರಹದಲ್ಲಿ ಪಡೆಯಿರಿ.

3. ಹಣ ಮಾಲೀಕರ ಬಳಿ ಇದೆಯೇ ಎಂದು ತಿಳಿದುಕೊಳ್ಳಿ

ಠೇವಣಿಯನ್ನು ಯಾರೂ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ತೆಗೆದಿಡುವುದಿಲ್ಲ. ಅದು ಮನೆ ಸಾಲದ ಕಂತಿಗೋ, ಮಗಳ ಶುಲ್ಕಕ್ಕೋ ಹೋಗಿರುತ್ತದೆ. ಮುಂದಿನ ಬಾಡಿಗೆದಾರರು ಕೊಡುವ ಠೇವಣಿಯಿಂದಲೇ ನಿಮ್ಮದನ್ನು ತೀರಿಸುವುದು ಅವರ ಯೋಜನೆ. ತಡವಾಗಲು ಎಷ್ಟೋ ಸಲ ದುರುದ್ದೇಶಕ್ಕಿಂತ ಇದೇ ಕಾರಣ. ಇದನ್ನು ಅರಿತುಕೊಂಡರೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ: ಏಜೆಂಟರು ಮನೆ ತೋರಿಸಲು ಬಂದರೆ ಮುಖ ಸಿಂಡರಿಸಬೇಡಿ. ಶನಿವಾರ, ಭಾನುವಾರ ಸಂಜೆ ಮನೆ ಚೊಕ್ಕವಾಗಿಟ್ಟು ತೋರಿಸಲು ಬಿಡಿ. ನಿಮ್ಮ ಕಚೇರಿಯಲ್ಲಿ, ಊರಿನವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮನೆ ಖಾಲಿಯಾಗುವ ಸುದ್ದಿ ಹಾಕಿ. ಏಜೆಂಟರಿಗೂ ಒಂದು ತಿಂಗಳ ಬಾಡಿಗೆಯಷ್ಟು ದಲ್ಲಾಳಿ ಬರುವುದರಿಂದ ಅವರೂ ಈ ಹಂತದಲ್ಲಿ ನಿಮ್ಮ ಪರವಾಗಿಯೇ ಓಡಾಡುತ್ತಾರೆ.

ಹಣದ ಅಡಚಣೆ ಇದೆಯೆಂಬ ವಾಸನೆ ಬಂದರೆ ಕೊನೆಯ ತಿಂಗಳ ಬಾಡಿಗೆಯನ್ನು ಠೇವಣಿಯಲ್ಲಿ ಹೊಂದಿಸಿಕೊಳ್ಳೋಣವೇ ಎಂದು ಕೇಳಿನೋಡಿ. ಬಾಕಿ ಬರಬೇಕಾದ ಮೊತ್ತ ಅಷ್ಟರಮಟ್ಟಿಗೆ ಇಳಿಯುತ್ತದೆ. ಆದರೆ ಕೇಳದೆ ಬಾಡಿಗೆ ನಿಲ್ಲಿಸಬೇಡಿ. ಠೇವಣಿಯನ್ನು ಬಾಡಿಗೆಗೆ ಹೊಂದಿಸಿಕೊಳ್ಳುವಂತಿಲ್ಲ ಎಂದು ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ನೀವೇ ಕರಾರು ಮುರಿದಿರಿ ಎಂಬ ಮಾತಿಗೆ ಆಸ್ಪದ ಕೊಡಬಾರದು. ಅವರು ‘ಸರಿ’ ಎಂದು ಬರೆದು ಕಳುಹಿಸಿದ ಮೇಲೆಯೇ ನಿಲ್ಲಿಸಿ. ಬಾಡಿಗೆ ತಿಂಗಳಿಗೆ 50,000 ಮೀರಿದ್ದರೆ, ಬಾಡಿಗೆಯನ್ನು ಠೇವಣಿಯಲ್ಲಿ ಹೊಂದಿಸಿಕೊಂಡರೂ ನೀವು ಬಾಡಿಗೆಯಲ್ಲಿ ಮುರಿದು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ (ಟಿಡಿಎಸ್) ತಪ್ಪುವುದಿಲ್ಲ. 2024ರ ಅಕ್ಟೋಬರ್‌ನಿಂದ ಅದರ ದರ ಶೇಕಡ 5ರಿಂದ 2ಕ್ಕೆ ಇಳಿದಿದೆ.

4. ಮನೆಯ ಸ್ಥಿತಿಗೆ ಸಾಕ್ಷಿ ಮಾಡಿಕೊಳ್ಳಿ

ಮನೆಗೆ ಬಂದ ಮೊದಲ ದಿನದ ಫೋಟೊಗಳಿದ್ದರೆ ನೀವು ಅದೃಷ್ಟವಂತರು. ಹಳೆಯ ಫೋನಿನಲ್ಲಿ, ಮನೆಗೆ ಕಳುಹಿಸಿದ ವಿಡಿಯೊದಲ್ಲಿ, ಗೃಹಪ್ರವೇಶದ ದಿನ ಹಾಲುಕ್ಕಿಸಿದ ಚಿತ್ರದ ಹಿಂಬದಿಯಲ್ಲಿ ಹುಡುಕಿ. ನವಿ ಮುಂಬಯಿಯ ವಾಶಿಯಲ್ಲಿ ನನ್ನ ಪರಿಚಯದ ದಂಪತಿಗೆ ಹೀಗೊಮ್ಮೆ ಆಯಿತು. ಮಾಲೀಕರ ಮನೆಯವರು ಸಣ್ಣ ನೋಟ್‌ಬುಕ್ ಹಿಡಿದು ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಬೆರಳಾಡಿಸಿ, ಫ್ಲಶ್ ಒತ್ತಿ, ಕಿಟಕಿಯ ಸೊಳ್ಳೆ ಪರದೆ ಎಳೆದು, ಕೊನೆಗೆ ಹಾಲಿನ ಗೋಡೆಯ ಮೊಳೆ ತೂತುಗಳನ್ನು ಒಂದೊಂದಾಗಿ ಎಣಿಸಿದರು. ಹನ್ನೊಂದು ತೂತು, ಇಡೀ ಗೋಡೆಗೆ ಬಣ್ಣ, ಹದಿನೈದು ಸಾವಿರ ಎಂದು ಬರೆದುಕೊಂಡರು. ದಂಪತಿಯಲ್ಲಿ ಹೆಂಡತಿ ಮಾತಾಡದೆ ಫೋನ್ ತೆಗೆದು ಮನೆ ನೋಡಲು ಬಂದ ದಿನ ತೆಗೆದ ಚಿತ್ರ ತೋರಿಸಿದಳು. ಅದೇ ಗೋಡೆ, ಒಂಬತ್ತು ತೂತು, ಒಂದರಲ್ಲಿ ಹಿಂದಿನ ಬಾಡಿಗೆದಾರರ ಕ್ಯಾಲೆಂಡರ್ ಇನ್ನೂ ನೇತಾಡುತ್ತಿತ್ತು. ಎರಡು ತೂತಿಗೆ ಪುಟ್ಟಿ ಹಚ್ಚಿಸಲು ಒಂದೂವರೆ ಸಾವಿರಕ್ಕೆ ಮಾತು ಮುಗಿಯಿತು.

ಸಾಮಾನು ಸಾಗಿಸಿ ಗುಡಿಸಿದ ಮೇಲೆ ಇಡೀ ಮನೆಯ ಒಂದು ವಿಡಿಯೊ ಮಾಡಿ. ಮುಖ್ಯ ಬಾಗಿಲಿನಿಂದ ಶುರುಮಾಡಿ ಕೋಣೆ ಕೋಣೆಗೂ ಹೋಗಿ. ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಒತ್ತಿ, ಗೀಸರ್‌ನ ದೀಪ ಹತ್ತುವುದು, ಫ್ಯಾನ್ ತಿರುಗುವುದು ಕಾಣಲಿ. ಅದನ್ನು ಅದೇ ದಿನ ಮಾಲೀಕರಿಗೆ ಕಳುಹಿಸಿ. ಆಗ ತಾರೀಖಿಗೂ ಸಾಕ್ಷಿ ಸಿಗುತ್ತದೆ.

5. ಯಾವ ಕಡಿತಕ್ಕೆ ಒಪ್ಪಬೇಕು, ಯಾವುದಕ್ಕೆ ಒಪ್ಪಬಾರದು

ಜಗಳವೆಲ್ಲ ಹುಟ್ಟುವುದು ಇಲ್ಲಿಯೇ. ನೀವು ಒಡೆದದ್ದಕ್ಕೆ ನೀವು ಕೊಡಬೇಕು: ಬಿರುಕು ಬಿಟ್ಟ ವಾಶ್ ಬೇಸಿನ್, ಮುರಿದ ಕಮೋಡ್ ಸೀಟು, ಮಕ್ಕಳು ಗೋಡೆಯ ಮೇಲೆ ಬರೆದ ಚಿತ್ತಾರ, ಕಳೆದುಹೋದ ಬೀಗದ ಕೈ, ಅನುಮತಿಯಿಲ್ಲದೆ ಡ್ರಿಲ್ ಮಾಡಿ ಹಾಕಿದ ಕಪಾಟು. ಬಳಸಿದ್ದರಿಂದ ಸವೆದದ್ದಕ್ಕೆ ಕೊಡಬೇಕಾಗಿಲ್ಲ. ಮಾಸಿದ ಬಣ್ಣ, ಸಡಿಲವಾದ ಹಿಡಿಕೆ, ಹಳತಾದ ನಲ್ಲಿಯ ವಾಷರ್, ಅಂಚು ಎದ್ದ ಸನ್‌ಮೈಕಾ ಎಲ್ಲವೂ ಈ ಎರಡನೆಯ ಗುಂಪಿಗೆ ಸೇರುತ್ತವೆ. ‘ಸಹಜ ಸವೆತವನ್ನು ಬಿಟ್ಟು’ ಎಂಬ ಮಾತು ಬಹುತೇಕ ಕರಾರುಗಳಲ್ಲಿ ಇದ್ದೇ ಇರುತ್ತದೆ, ಬೆರಳಿಟ್ಟು ತೋರಿಸಿ.

ಮುಂಬಯಿಯ ಮಳೆಗಾಲದ ಕಥೆಯೇ ಬೇರೆ. ಹೊರಗೋಡೆಯಿಂದ ನೀರು ಜಿನುಗಿ ಬೂಷ್ಟು ಹಿಡಿಯುವುದು, ಮೇಲಿನ ಮನೆಯ ಬಚ್ಚಲಿನಿಂದ ಚಾವಣಿಯಲ್ಲಿ ಕಲೆ ಬೀಳುವುದು, ವಾರ್ಡ್‌ರೋಬಿನ ಪ್ಲೈವುಡ್ ಊದಿಕೊಳ್ಳುವುದು ಕಟ್ಟಡದ ಕಾಯಿಲೆಗಳು. ಅವಕ್ಕೆ ಔಷಧಿ ಸೊಸೈಟಿ (ಕಟ್ಟಡದ ಫ್ಲ್ಯಾಟ್ ಮಾಲೀಕರ ಸಂಘ) ಅಥವಾ ಮಾಲೀಕರ ಬಳಿ ಇರಬೇಕು. ನೀರು ಕಂಡ ದಿನವೇ ಫೋಟೊ ಕಳುಹಿಸಿ ತಿಳಿಸಿದ್ದರೆ ನಿಮ್ಮ ಪಕ್ಷ ಗಟ್ಟಿ. ಹೇಳದೆ ಎರಡು ಮಳೆಗಾಲ ಕಳೆದು, ಈಗ ಗೋಡೆ ಕಪ್ಪಾಗಿದೆ ಎಂದರೆ ಸ್ವಲ್ಪ ಕಷ್ಟ. ಪುಣೆಯಲ್ಲಿ ಟ್ಯಾಂಕರ್, ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟಿ ಹಾಳಾಗುವುದು ಸಾಮಾನ್ಯ. ಅದೂ ಗಡಸು ನೀರಿನ ಕೆಲಸ.

ಬಣ್ಣದ ವಿಚಾರಕ್ಕೆ ಬರೋಣ. ಕರಾರಿನಲ್ಲಿ ‘ಬಿಡುವಾಗ ಬಣ್ಣಕ್ಕೆ ಇಂತಿಷ್ಟು ಮುರಿದುಕೊಳ್ಳಲಾಗುವುದು’ ಎಂದಿದ್ದರೆ ವಾದ ಮಾಡುವುದು ವ್ಯರ್ಥ, ಅದಕ್ಕೆ ನೀವೇ ಸಹಿ ಹಾಕಿದ್ದೀರಿ. ಇಲ್ಲದಿದ್ದರೆ ಇಡೀ ಮನೆಯ ಬಣ್ಣದ ಖರ್ಚನ್ನು ನಿಮ್ಮ ತಲೆಗೆ ಕಟ್ಟಲು ಬಿಡಬೇಡಿ. ಮನೆಗೆ ಕೊನೆಯ ಬಾರಿ ಬಣ್ಣ ಬಳಿಸಿದ್ದು ಯಾವಾಗ ಎಂದು ಮೊದಲು ಕೇಳಿ. ನಾಲ್ಕು ವರ್ಷಕ್ಕೊಮ್ಮೆ ಬಣ್ಣ ಬಳಿಸುವ ಮನೆ ಎಂದಿಟ್ಟುಕೊಳ್ಳಿ. ನೀವು ಬಂದಾಗಲೇ ಬಣ್ಣಕ್ಕೆ ಮೂರು ವರ್ಷವಾಗಿದ್ದು, ನೀವು ಎರಡು ವರ್ಷ ಇದ್ದರೆ, ಅದರ ಆಯುಸ್ಸು ನಿಮ್ಮ ಮೊದಲ ವರ್ಷದಲ್ಲೇ ತೀರಿತ್ತು. ಈ ಲೆಕ್ಕ ಕಾನೂನಿನಲ್ಲಿ ಬರೆದದ್ದಲ್ಲ, ಆದರೂ ನ್ಯಾಯವಾಗಿ ಯೋಚಿಸುವ ಮಾಲೀಕರು ಒಪ್ಪುತ್ತಾರೆ. ಒಪ್ಪದಿದ್ದರೆ ‘ಬಿಲ್ಲು ಕೊಡಿ, ನನ್ನ ಪಾಲು ಕೊಡುತ್ತೇನೆ’ ಎನ್ನಿ. ಬಿಲ್ಲು ಎಂದಕೂಡಲೇ ಎಷ್ಟೋ ಕಡಿತಗಳು ಕರಗಿಹೋಗುತ್ತವೆ. ಇಪ್ಪತ್ತನೇ ತಾರೀಖಿನ ತಪಾಸಣೆಯಲ್ಲಿ ಹೇಳಿದ ಸಣ್ಣಪುಟ್ಟ ರಿಪೇರಿಗಳನ್ನು ನೀವೇ ಪ್ಲಂಬರ್, ಎಲೆಕ್ಟ್ರಿಷಿಯನ್ ಕರೆಸಿ ಮಾಡಿಸಿ. ಮಾಲೀಕರು ಮುರಿದುಕೊಳ್ಳುವ ಮೊತ್ತಕ್ಕಿಂತ ಅದು ಯಾವಾಗಲೂ ಅಗ್ಗ.

6. ಬಿಲ್ಲುಗಳು ಮತ್ತು ಸೊಸೈಟಿ

‘ಕೊನೆಯ ಬಿಲ್ಲು ಬರಲಿ, ಆಮೇಲೆ ಕೊಡುತ್ತೇನೆ’ ಎಂಬುದು ತಳ್ಳಿಹಾಕುವವರ ಅಚ್ಚುಮೆಚ್ಚಿನ ಮಾತು. ಅದನ್ನು ಬಾಯಿಗೆ ಬರುವ ಮೊದಲೇ ಮುಚ್ಚಿಬಿಡಿ. ಬಿಡುವ ದಿನ ವಿದ್ಯುತ್ ಮೀಟರಿನ ಅಂಕಿ, ಮೀಟರ್ ಸಂಖ್ಯೆ ಎರಡೂ ಕಾಣುವಂತೆ ಫೋಟೊ ತೆಗೆಯಿರಿ. ಹಿಂದಿನ ಬಿಲ್ಲಿನ ಅಂಕಿ ಕಳೆದು ಅಂದಾಜು ಮೊತ್ತ ಹಾಕಿ. ಪೈಪ್ ಗ್ಯಾಸ್ ಬಿಲ್ಲು ಮುಂಬಯಿಯಲ್ಲಿ ಎರಡು ತಿಂಗಳಿಗೊಮ್ಮೆ ಬರುವುದರಿಂದ ಅದಕ್ಕೂ ಹೀಗೆಯೇ ಮಾಡಿ. ಅಂದಾಜಿಗೆ ಸ್ವಲ್ಪ ಹೆಚ್ಚಿಗೆ, ಎರಡು ಸಾವಿರವೋ ಮೂರು ಸಾವಿರವೋ, ಅವರು ಇಟ್ಟುಕೊಳ್ಳಲಿ. ಉಳಿದದ್ದನ್ನು ಅಂದೇ ಕೊಡಲಿ. ಎರಡು ಸಾವಿರದ ಬಿಲ್ಲಿಗಾಗಿ ಒಂದೂವರೆ ಲಕ್ಷ ತಡೆಹಿಡಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸೊಸೈಟಿಯ ಮೆಂಟೆನೆನ್ಸ್ ಬಾಕಿ, ಮಾಲೀಕರೇ ವಾಸವಿಲ್ಲದ್ದಕ್ಕೆ ಸೊಸೈಟಿ ವಿಧಿಸುವ ಶುಲ್ಕ, ಇವು ಕರಾರಿನಲ್ಲಿ ನಿಮ್ಮ ಮೇಲೆ ಹಾಕಿರದಿದ್ದರೆ ಮಾಲೀಕರವು. ಸಾಮಾನು ಸಾಗಿಸಲು ಗೇಟ್ ಪಾಸ್ ಬೇಕು, ಅದಕ್ಕೆ ಹಲವು ಕಡೆ ಮಾಲೀಕರ ಒಪ್ಪಿಗೆ ಪತ್ರ ಕೇಳುತ್ತಾರೆ. ಇದನ್ನು ವಾರ ಮುಂಚೆಯೇ ಪಡೆದಿಟ್ಟುಕೊಳ್ಳಿ. ಕೊನೆಯ ದಿನ ಈ ಪತ್ರವನ್ನೇ ಹಿಡಿದು ಚೌಕಾಸಿ ಮಾಡುವವರಿದ್ದಾರೆ. ಪಾರ್ಕಿಂಗ್ ಸ್ಟಿಕ್ಕರ್, ಪ್ರವೇಶ ಕಾರ್ಡ್, ಅಂಚೆ ಪೆಟ್ಟಿಗೆಯ ಕೈ ಒಪ್ಪಿಸುವುದನ್ನೂ ಮರೆಯಬೇಡಿ.

7. ಬೀಗದ ಕೈ ಒಪ್ಪಿಸುವ ದಿನ

ಬ್ಯಾಂಕ್ ತೆರೆದಿರುವ ದಿನವನ್ನೇ ಆರಿಸಿ, ಭಾನುವಾರ ಬೇಡ. ಮೇಜಿನ ಒಂದು ಬದಿಯಲ್ಲಿ ಕೈಗೊಂಚಲು, ಇನ್ನೊಂದು ಬದಿಯಲ್ಲಿ ಹಣ ವರ್ಗಾವಣೆ; ಎರಡೂ ಒಂದೇ ಕೂತಿನಲ್ಲಿ ಆಗಬೇಕು. ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ: ಠೇವಣಿ 1,50,000, ವಿದ್ಯುತ್ ಮತ್ತು ಗ್ಯಾಸಿಗೆ 2,500, ಪುಟ್ಟಿಗೆ 1,500, ವಾಪಸ್ 1,46,000. ಅದರ ಕೆಳಗೆ, ಇಂತಹ ತಾರೀಖು, ಇಷ್ಟು ಗಂಟೆಗೆ ಫ್ಲ್ಯಾಟಿನ ಖಾಲಿ ಸ್ವಾಧೀನ ಮತ್ತು ಇಷ್ಟು ಕೈಗಳನ್ನು ಪಡೆದಿದ್ದೇನೆ, ಮೇಲಿನ ಕಡಿತಗಳನ್ನು ಬಿಟ್ಟು ಬೇರೆ ಬಾಕಿ ಇಲ್ಲ ಎಂದು ಬರೆಸಿ ಇಬ್ಬರೂ ಸಹಿ ಹಾಕಿ. ಎರಡು ಪ್ರತಿ ಮಾಡಿ. ಅವಧಿಗೆ ಮುಂಚೆ ಬಿಡುತ್ತಿದ್ದರೆ ಕರಾರು ಪರಸ್ಪರ ಒಪ್ಪಿಗೆಯಿಂದ ಅಂದಿಗೆ ಕೊನೆಗೊಂಡಿತು ಎಂಬ ಸಾಲೂ ಇರಲಿ.

ಹಣ ತಂದಿಲ್ಲ, ಆದರೂ ಕೈ ಕೊಡಿ ಎಂದರೆ? ಇಲ್ಲಿ ಆವೇಶದ ಸಲಹೆ ಕೊಡುವವರು ಬಹಳ: ‘ಹಣ ಬರುವವರೆಗೆ ಮನೆ ಬಿಡಬೇಡ’ ಎನ್ನುತ್ತಾರೆ. ಕರಾರಿನಲ್ಲಿ ಆ ಹಕ್ಕು ಬರೆದಿದ್ದರೆ ಸರಿ. ಬರೆದಿಲ್ಲದೆ, ಅವಧಿಯೂ ಮುಗಿದಿದ್ದರೆ ಎಚ್ಚರಿಕೆ ಬೇಕು. ಮೊದಲು ಹೇಳಿದ ಬಾಡಿಗೆ ನಿಯಂತ್ರಣ ಕಾಯ್ದೆಯ ಸೆಕ್ಷನ್ 24ರ ಪ್ರಕಾರ ಲೈಸೆನ್ಸ್ ಅವಧಿ ಮುಗಿದ ಮೇಲೂ ಮನೆ ಬಿಡದವರು ಬಾಡಿಗೆಯ ಎರಡರಷ್ಟನ್ನು ನಷ್ಟಪರಿಹಾರವಾಗಿ ಕೊಡಬೇಕಾಗುತ್ತದೆ. ತೆರವಿಗಾಗಿ ಮಾಲೀಕರು ಸಕ್ಷಮ ಪ್ರಾಧಿಕಾರದ, ಅಂದರೆ ಇಂಥ ಪ್ರಕರಣಗಳಿಗೆಂದೇ ನೇಮಕವಾದ ಅಧಿಕಾರಿಯ ಮುಂದೆ ಹೋಗಬಹುದು. ಒಂದು ಲಕ್ಷದ ಠೇವಣಿಗಾಗಿ ಕೂತು ಎರಡು ಲಕ್ಷದ ಹೊರೆ ಹೊರುವುದು ಜಾಣತನವಲ್ಲ. ಅವಧಿ ಇನ್ನೂ ಬಾಕಿಯಿರುವವರಿಗೆ ಈ ಭಯವಿಲ್ಲ. ಅವರು ನಾಲ್ಕಾರು ದಿನ ಬೀಗದ ಕೈ ಹಿಡಿದಿಟ್ಟುಕೊಂಡು ಒತ್ತಾಯಿಸಬಹುದು.

ಬಿಡಲೇಬೇಕಾದ ಸಂದರ್ಭದಲ್ಲಿ ಮುಂದಿನ ತಾರೀಖಿನ ಚೆಕ್ ಪಡೆಯಿರಿ. ಚೆಕ್ ಕರಾರಿನಲ್ಲಿ ಹೆಸರಿರುವ ಮಾಲೀಕರದೇ ಖಾತೆಯದ್ದಾಗಿರಲಿ, ಮಗನದೋ ಏಜೆಂಟರದೋ ಅಲ್ಲ. ಯಾವ ಬಾಬ್ತಿಗೆ ಕೊಟ್ಟ ಚೆಕ್ ಎಂಬುದು, ಚೆಕ್ ಸಂಖ್ಯೆ ಸಮೇತ, ಆ ಸ್ವಾಧೀನ ಪತ್ರದಲ್ಲಿ ಬರಲಿ. ಚೆಕ್ ಅಮಾನ್ಯವಾದರೆ ಬಾಡಿಗೆ ವ್ಯಾಜ್ಯ ಚೆಕ್ ಬೌನ್ಸ್ ಪ್ರಕರಣವಾಗುತ್ತದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್, ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು. ಎರಡು ವರ್ಷದವರೆಗೆ ಸೆರೆ ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ ವಿಧಿಸಬಹುದಾದ ಪ್ರಕರಣವಿದು ಎಂದು ಗೊತ್ತಿರುವ ಮಾಲೀಕರು ಖಾತೆಯಲ್ಲಿ ಹಣ ಇಟ್ಟೇ ಇಡುತ್ತಾರೆ. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಮಾತ್ರ. ‘ಈಗ ಹಾಕಬೇಡಿ’ ಎಂಬ ಮಾತಿಗೆ ಮರುಳಾಗಿ ಅದನ್ನು ಮೀರಿಸಬೇಡಿ.

ಮುಂಬಯಿಯ ‘ಹೆವಿ ಡಿಪಾಸಿಟ್’ ಮನೆಗಳಿಗೆ ಇಷ್ಟೂ ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ. ಬಾಡಿಗೆಯೇ ಇಲ್ಲದೆ ಅಥವಾ ಹೆಸರಿಗಷ್ಟೇ ಇಟ್ಟು ಹತ್ತು ಇಪ್ಪತ್ತು ಲಕ್ಷ ಠೇವಣಿ ಕೊಡುವ ಏರ್ಪಾಡು ಇದು. ಒಂದು ತಿಂಗಳ ನೋಟಿಸ್ ಸಾಲದು, ಮೂರು ತಿಂಗಳು ಮುಂಚೆಯೇ ಹೇಳಿ. ಪೂರ್ತಿ ಹಣ ಖಾತೆಗೆ ಬರದೆ ಮನೆ ಬಿಡುವ ಮಾತೇ ಬೇಡ, ಆ ಹಕ್ಕು ಕರಾರಿನಲ್ಲಿ ಮೊದಲೇ ಇರಲಿ. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದು ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆಯಾದ್ದರಿಂದ ನಗದಾಗಿ ವಾಪಸ್ ಪಡೆದು ನೀವೇ ತೊಂದರೆಗೆ ಬೀಳಬೇಡಿ.

ಪುಣೆಯ ಹಿಂಜೆವಾಡಿ, ವಾಕಡ್ ಕಡೆ ಮೂರು ನಾಲ್ಕು ಹುಡುಗರು ಸೇರಿ ಹಿಡಿದ ಫ್ಲ್ಯಾಟುಗಳಲ್ಲಿ ಒಬ್ಬ ಬಿಟ್ಟರೆ ಅವನ ಪಾಲಿನ ಠೇವಣಿಯನ್ನು ಹೊಸದಾಗಿ ಬಂದವನೇ ಕೊಡುವುದು ವಾಡಿಕೆ. ಸರಿಯೇ, ಆದರೆ ಕರಾರಿನಲ್ಲಿ ಹಳಬನ ಹೆಸರೇ ಉಳಿದಿರುತ್ತದೆ. ಮಾಲೀಕರಿಗೆ ಒಂದು ಸಂದೇಶ ಕಳುಹಿಸಿ ಈ ಬದಲಾವಣೆಗೆ ಒಪ್ಪಿಗೆ ಪಡೆಯದಿದ್ದರೆ ಕೊನೆಗೆ ಪೂರ್ತಿ ಮೊತ್ತ ಊರು ಬಿಟ್ಟವನ ಖಾತೆಗೆ ಹೋಗಬಹುದು.

8. ಬೀಗದ ಕೈ ಕೊಟ್ಟಾಯಿತು, ಹಣ ಬಂದಿಲ್ಲ

ಮೊದಲ ಎರಡು ವಾರ ಸಭ್ಯವಾಗಿ, ಆದರೆ ಬರಹದಲ್ಲಿಯೇ ಕೇಳಿ. ಫೋನಿನಲ್ಲಿ ಮಾತಾಡಿದರೂ ಕೂಡಲೇ ‘ಈಗ ಮಾತಾಡಿದಂತೆ 15ರೊಳಗೆ ಹಣ ಹಾಕುವುದಾಗಿ ಹೇಳಿದ್ದೀರಿ, ಧನ್ಯವಾದ’ ಎಂದು ಬರೆದು ಹಾಕಿ. ಬೈಗುಳ, ಬೆದರಿಕೆ, ಸೊಸೈಟಿಯ ಗುಂಪಿನಲ್ಲಿ ಮಾನ ಹರಾಜು ಯಾವುದೂ ಬೇಡ. ಅದೇ ಸಂದೇಶಗಳು ನಾಳೆ ನ್ಯಾಯಾಧೀಶರ ಮುಂದೆ ಬರುತ್ತವೆ. ವಾಟ್ಸ್‌ಆ್ಯಪ್ ಮಾತುಕತೆ ಸಾಕ್ಷ್ಯವಾಗಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಹೇಳುವ, ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದೆವೆಂದು ಮೂಲ ಸಂದೇಶ ಅಳಿಸಬೇಡಿ, ಹಳೆಯ ಫೋನ್ ಮಾರಬೇಡಿ.

ಆಮೇಲೆ ನೀವೇ ಒಂದು ಪತ್ರ ಬರೆಯಿರಿ. ಕರಾರಿನ ನೋಂದಣಿ ಸಂಖ್ಯೆ, ಠೇವಣಿ ಕೊಟ್ಟ ವಿವರ, ಕೈ ಒಪ್ಪಿಸಿದ ತಾರೀಖು, ಬರಬೇಕಾದ ಮೊತ್ತ, ಏಳು ದಿನದ ಗಡುವು ಇಷ್ಟೇ ಇರಲಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ತಲುಪಿದ ದಾಖಲೆ ಮುದ್ರಿಸಿಟ್ಟುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ವಕೀಲರಿಂದ ನೋಟಿಸ್, ಸಾಮಾನ್ಯವಾಗಿ 15 ದಿನದ ಗಡುವು ಕೊಟ್ಟು, ಬಡ್ಡಿ ಮತ್ತು ಖರ್ಚನ್ನೂ ಕೇಳಿ. ನನ್ನ ಕಣ್ಣೆದುರಿನ ಹೆಚ್ಚಿನ ಪ್ರಕರಣಗಳು ಇಲ್ಲಿಗೇ ಮುಗಿದಿವೆ. ವಕೀಲರ ಮುದ್ರೆಯ ಕಾಗದ ಮನೆಗೆ ಬಂದರೆ ಮನೆಯವರೆಲ್ಲ ಓದುತ್ತಾರೆ, ಅದೊಂದು ಬೇರೆಯೇ ಒತ್ತಡ. ಕನ್ನಡದಲ್ಲಿ ಮಾತಾಡಿ ಹೇಳಿಕೊಳ್ಳಬೇಕು ಎನ್ನುವವರು ಮಾಟುಂಗಾ, ಡೊಂಬಿವಲಿ, ಪುಣೆಯ ಕನ್ನಡ ಸಂಘಗಳಲ್ಲಿ ವಿಚಾರಿಸಿದರೆ ಪರಿಚಿತ ವಕೀಲರ ಹೆಸರು ಸಿಗುತ್ತದೆ.

ಪೊಲೀಸ್ ಠಾಣೆಗೆ ಹೋದರೆ ‘ಇದು ಸಿವಿಲ್ ವ್ಯವಹಾರ’ ಎಂದು ಕಳುಹಿಸುತ್ತಾರೆ, ಅವರ ಮಾತು ತಪ್ಪಲ್ಲ. ನಿಮ್ಮ ಸಾಮಾನು ಒಳಗಿಟ್ಟು ಬೀಗ ಹಾಕಿದ್ದರೆ, ಹೊಡೆಯುವ ಬೆದರಿಕೆ ಹಾಕಿದ್ದರೆ ಮಾತ್ರ ಅಲ್ಲಿ ಕೆಲಸ. 2021ರ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಅದಕ್ಕೆ ಬಲವಿಲ್ಲ. ನೋಟಿಸಿನಲ್ಲಿ ಅದನ್ನು ಸೇರಿಸಿ ನಗೆಪಾಟಲಾಗಬೇಡಿ.

ನೋಟಿಸಿಗೂ ಉತ್ತರವಿಲ್ಲದಿದ್ದರೆ ಹಣ ವಸೂಲಿ ದಾವೆ ಹೂಡಬೇಕು. ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷ ಕಾಲಮಿತಿ. ಲಿಖಿತ ಕರಾರಿನಲ್ಲಿ ಮೊತ್ತ ಖಚಿತವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆ ಸಾಧ್ಯವೇ ಎಂದು ವಕೀಲರನ್ನು ಕೇಳಿ. ಅದರಲ್ಲಿ ಪ್ರತಿವಾದಿ ಸಮನ್ಸ್ ತಲುಪಿದ 10 ದಿನದೊಳಗೆ ಹಾಜರಾಗಬೇಕು, ವಾದಿಸಲು ನ್ಯಾಯಾಲಯದ ಅನುಮತಿಯನ್ನೂ ಪಡೆಯಬೇಕು. ಕಾಲ ತಳ್ಳುವ ಆಟಕ್ಕೆ ಅವಕಾಶ ಕಡಿಮೆ.

ಮೂವತ್ತು ನಲವತ್ತು ಸಾವಿರದ ಬಾಕಿಗೆ ದಾವೆ ದುಬಾರಿ ಎನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಅದರ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ, ಉಳಿದವರಿಗೆ ಆದಾಯದ ಮಿತಿಯೊಳಗೆ. ದಾವೆ ಹೂಡುವ ಮೊದಲೇ ವಿವಾದವನ್ನು ಲೋಕ ಅದಾಲತ್ತಿನ ಮುಂದಿಡಲು ಅರ್ಜಿ ಕೊಡಬಹುದು. ಮಾಲೀಕರಿಗೆ ನೋಟಿಸ್ ಹೋಗುತ್ತದೆ, ನ್ಯಾಯಾಲಯ ಶುಲ್ಕವಿಲ್ಲ. ಅವರು ಬರಲೇಬೇಕೆಂದೇನೂ ಇಲ್ಲ, ಆದರೆ ಬಂದು ರಾಜಿಯಾದರೆ ಆ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ (ತೀರ್ಪಿನ ಆದೇಶದ) ಬಲವಿದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಹೋಗುವಾಗ ಕರಾರಿನ ಪ್ರತಿ, ಠೇವಣಿ ಕಟ್ಟಿದ ತಿಂಗಳ ಬ್ಯಾಂಕ್ ವಿವರ, ಸ್ವಾಧೀನ ಪತ್ರ ಮತ್ತು ಕಳುಹಿಸಿದ ನೋಟಿಸ್, ಇವುಗಳ ಎರಡೆರಡು ಜೆರಾಕ್ಸ್ ಜೊತೆಗಿರಲಿ.